ನಾಲ್ಕು ಚಕ್ರದ ಬಿಡಾರ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು, ಮುಂದೊಂದು ಕಾಲಕ್ಕೆ ಮನುಷ್ಯನು ಮೋಟಾರು ಗಾಡಿಯೊಳಗೇ ಮನೆ ಕಟ್ಟಲು ಹೊರಟಾನೆಂದು ಎಣಿಸಿರಲಾರರು. ಎಣಿಸಿದ್ದರೆ ಗಾದೆಗೆ ಮೂರನೆಯ ಕಾಲೊಂದನ್ನು ಸೇರಿಸುತ್ತಿದ್ದರು. ಇಟ್ಟಿಗೆಯ ಮನೆಯಲ್ಲಿ ಲೆಕ್ಕ ತಪ್ಪಿದರೆ ಗೋಡೆಯನ್ನು ಒಂದಡಿ ಆಚೆಗೆ ಸರಿಸಿಯಾರು. ಗಾಡಿಯ ಗೋಡೆ ಸರಿಯುವುದಿಲ್ಲ. ಅಲ್ಲಿ ಒಂದು ವಸ್ತು ಒಳಗೆ ಬರಬೇಕಾದರೆ ಮತ್ತೊಂದು ಹೊರಗೆ ನಿಲ್ಲಲೇಬೇಕು. ಯಾವುದು ಒಳಗೆ, ಯಾವುದು ಹೊರಗೆ ಎಂಬ ವಿಚಾರದಲ್ಲಿ ಮೂವತ್ತು ವರ್ಷ ಜೊತೆಯಾಗಿ ಬಾಳಿದ ಗಂಡಹೆಂಡಿರಿಗೂ ಪರಸ್ಪರರ ವಿಷಯದಲ್ಲಿ ಹೊಸ ಸಂಗತಿಗಳು ತಿಳಿದುಬರುತ್ತವೆ.

ಬ್ಯಾಂಕಿನಲ್ಲಿ 34 ವರ್ಷ ದುಡಿದು ನಿವೃತ್ತರಾಗಿ, ಬೆಂಗಳೂರಿನ ಒಂದು ಬಡಾವಣೆಯಲ್ಲಿ ನೆಲೆಸಿದ ಯಜಮಾನರೊಬ್ಬರಿಗೆ ಈ ಹುಚ್ಚು ಹಿಡಿಯಿತು. ಹುಟ್ಟಿದ್ದು ಗಂಗೊಳ್ಳಿಗೆ ಸಮೀಪದ ಒಂದು ಕಡಲಂಚಿನ ಹಳ್ಳಿಯಲ್ಲಿ. ತಂದೆ ಬೀಸುಬಲೆ ಹಿಡಿದು ಸಂಸಾರ ಸಾಕಿದ ಮೊಗವೀರರು. ಇಬ್ಬರು ಗಂಡುಮಕ್ಕಳಲ್ಲಿ ಹಿರಿಯವನು ಬಲೆ ಹಿಡಿದ, ಕಿರಿಯವನು ಪುಸ್ತಕ ಹಿಡಿದ. ಪುಸ್ತಕ ಹಿಡಿದವರಿಗೆ ನಿವೃತ್ತಿಯ ಮರುದಿನವೇ ಗಾಳ ಹಿಡಿಯುವ ಬಯಕೆ ಹುಟ್ಟಿತು. ಹಳೆಯದೊಂದು ವ್ಯಾನನ್ನು ಕೊಂಡು, ಅದರೊಳಗೆ ಹಾಸಿಗೆ, ಅಡಿಗೆ, ದೀಪಗಳ ಏರ್ಪಾಟು ಮಾಡಿಕೊಂಡು, ನಾಲ್ಕು ದಿನ ಅಳಿವೆಯ ದಂಡೆಯಲ್ಲಿ ಬಿಡಾರ ಹೂಡಿ, ಮನಸ್ಸು ತುಂಬುವಷ್ಟು ಮೀನು ಹಿಡಿಯುವುದೆಂದು ಅವರು ಮನೆಯಲ್ಲಿ ಸಾರಿದರು.

“ಅಲ್ಲಿ ಭಾವನವರ ಮನೆ ಇದೆಯಲ್ಲ?” ಎಂದರು ಮನೆಯಾಕೆ.

“ಯಾರ ಮನೆಯೂ ಬೇಡ ಅಂತಲೇ ಗಾಡಿ,” ಎಂದು ಯಜಮಾನರು ಅಳತೆಯ ಪಟ್ಟಿಯನ್ನು ಹುಡುಕಲು ಎದ್ದರು.

ಅಳತೆಯಿಂದಲೇ ಆರಂಭವಾದದ್ದು ಅವರ ಪುಣ್ಯ. ಐದು ಜನರ ವ್ಯಾನು. ಎಂಜಿನ್ನು ಮುಂದಿನ ಆಸನಗಳ ಅಡಿಯಲ್ಲಿ, ಶಕ್ತಿ ಹಿಂದಿನ ಚಕ್ರಗಳಿಗೆ. ಹಿಂದಿನ ಆಸನವನ್ನು ಮಡಿಚಿ, ಮುಂದಿನವನ್ನು ಪೂರಾ ಮುಂದಕ್ಕೆ ಸರಿಸಿದರೆ ಸಿಕ್ಕಿದ ಉದ್ದ 5 ಅಡಿ 10 ಅಂಗುಲ. ಯಜಮಾನರ ಎತ್ತರ 5 ಅಡಿ 9 ಅಂಗುಲ. ಆ ಒಂದಂಗುಲದ ಲಾಭಕ್ಕೆ ಅವರು ಪಟ್ಟ ಸಂತೋಷವನ್ನು ಬ್ಯಾಂಕಿನ ಯಾವ ಬಡ್ತಿಯೂ ತಂದಿರಲಿಕ್ಕಿಲ್ಲ.

ಬಡಗಿಯನ್ನು ಕರೆಸಿದರು. ಮದುವೆಯ ಮಂಚಗಳಲ್ಲಿ ಪಳಗಿದ ಕೈ ಆತನದು. “ಸಾಗುವಾನಿ ಚೌಕಟ್ಟು ಹಾಕಿ 18 ಮಿಲಿಮೀಟರ್ ಹಲಗೆ ಕೂರಿಸಿಬಿಡ್ತೀನಿ ಸಾರ್, ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡೋದಿಲ್ಲ,” ಎಂದ. ಗಾಡಿಯ ವಿಷಯದಲ್ಲಿ ಈ ಅಲ್ಲಾಡದಿರುವಿಕೆಯೇ ಶತ್ರು. ಎಂಟಡಿ ಉದ್ದ, ನಾಲ್ಕಡಿ ಅಗಲದ 12 ಮಿಲಿಮೀಟರಿನ ಹಲಗೆಗೂ 18 ಮಿಲಿಮೀಟರಿನದಕ್ಕೂ ತೂಕದಲ್ಲಿ 10 ಕಿಲೋಗ್ರಾಮಿಗೂ ಮೇಲೆ ಅಂತರವಿದೆ. ಮಲಗುವ ಹಲಗೆಯ ಕೆಳಗೆ ಅಡ್ಡಪಟ್ಟಿಗಳು ಹತ್ತಿರ ಹತ್ತಿರವಿದ್ದರೆ 12 ಮಿಲಿಮೀಟರು ಧಾರಾಳವಾಗಿ ಸಾಲುತ್ತದೆ. ಆದರೆ ಅದು ಐ.ಎಸ್. 710 ಗುರುತಿನ, ನೀರಿಗೆ ಜಗ್ಗದ ಪ್ಲೈವುಡ್ ಆಗಿರಬೇಕು. ಸಾಧಾರಣ ಹಲಗೆ ಕರಾವಳಿಯ ಗಾಳಿಗೆ ನೆನೆದು ಹಪ್ಪಳದಂತೆ ಪದರ ಬಿಡುತ್ತದೆ. ತಿರುಪುಮೊಳೆಗಳು ಹಿತ್ತಾಳೆಯವೋ ತುಕ್ಕುರಹಿತ ಉಕ್ಕಿನವೋ ಆಗಿರಬೇಕು. ಉಪ್ಪುಗಾಳಿ ಕಬ್ಬಿಣವನ್ನು ತಿನ್ನುವ ಪರಿಯನ್ನು ಘಟ್ಟದ ಮೇಲಿನವರಿಗೆ ಹೇಳಿ ಮನಗಾಣಿಸುವುದು ಕಷ್ಟ. ಬಡಗಿಯೂ ಒಪ್ಪದೆ, ‘ದುಡ್ಡು ನಿಮ್ಮದು’ ಎಂಬ ಮುಖಭಾವದಿಂದ ಉಕ್ಕಿನ ಮೊಳೆ ತಂದ.

ಕಾಯಿದೆಯ ಕಡೆಗೂ ಕಣ್ಣಿಡಬೇಕಾಗಿತ್ತು. ತಯಾರಕರು ಕೊಟ್ಟ ವಿವರಗಳಿಗೂ ನೋಂದಣಿ ಪತ್ರದಲ್ಲಿ ನಮೂದಾದ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಿಧಿಸುತ್ತದೆ. ಮೇಲ್ಛಾವಣಿ ಕೊರೆಯುವುದು, ಆಸನ ಕಿತ್ತೆಸೆಯುವುದು, ಮೈಕಟ್ಟನ್ನು ಉದ್ದ ಮಾಡುವುದು ಇವೆಲ್ಲ ಮನಸ್ಸಿಗೆ ಬಂದಂತೆ ಮಾಡುವ ಕೆಲಸಗಳಲ್ಲ. ಆದ್ದರಿಂದ ಗಾಡಿಗೆ ಒಂದೇ ಒಂದು ತೂತನ್ನೂ ಕೊರೆಯದೆ, ಮಡಿಚಿದ ಆಸನದ ಎತ್ತರಕ್ಕೆ ಸರಿಯಾಗಿ ಮೂರು ಪೆಟ್ಟಿಗೆ ಮಾಡಿಸಿ, ಅವನ್ನು ಪಟ್ಟಿಗಳಿಂದ ಬಿಗಿಯುವುದೆಂದಾಯಿತು. ಪೆಟ್ಟಿಗೆಗಳೊಳಗೆ ಸಾಮಾನು, ಮೇಲೆ ಹಾಸಿಗೆ. ತಿರುಗಿ ಬಂದಮೇಲೆ ಪೆಟ್ಟಿಗೆ ಇಳಿಸಿದರೆ ಗಾಡಿ ಮೊದಲಿನ ಗಾಡಿಯೇ. ಈ ಉಪಾಯ ಹೊಸದೇನಲ್ಲ. ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್ ವ್ಯಾನು 1950ರಲ್ಲಿ ತಯಾರಾಗತೊಡಗಿದಾಗ, ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಸಂಸ್ಥೆ ಅದರೊಳಗೆ ಇಟ್ಟು ತೆಗೆಯಬಹುದಾದ ಬಿಡಾರದ ಪೆಟ್ಟಿಗೆಯೊಂದನ್ನು ಹೊರತಂದಿತು. ವಾರವೆಲ್ಲ ಸರಕು ಹೊರುವ ಗಾಡಿ ರಜೆಯ ದಿನ ಸಂಸಾರವನ್ನು ಹೊರಲೆಂಬುದೇ ಅದರ ಆಶಯ. ಯುದ್ಧದಲ್ಲಿ ನೊಂದು ಕೈ ಬಿಗಿಹಿಡಿದು ಬದುಕುತ್ತಿದ್ದ ಜನಕ್ಕೆ ತೋಚಿದ ಯುಕ್ತಿ ಮಧ್ಯಮ ವರ್ಗದ ಪಿಂಚಣಿದಾರರಿಗೂ ಹೊಂದಿದ್ದರಲ್ಲಿ ಆಶ್ಚರ್ಯವಿಲ್ಲ.

ಬಳಿಕ ಬಂದದ್ದು ತೂಕದ ಖಾತೆ. ಯಜಮಾನರು ಹಳೆಯ ಅಭ್ಯಾಸದಂತೆ ಉದ್ದನೆಯ ಪುಸ್ತಕವೊಂದನ್ನು ತೆಗೆದು ಗೆರೆ ಎಳೆದರು. ತಲೆಗೆ 68 ಕಿಲೋದಂತೆ ಐವರ ತೂಕ 340. ಅದರಲ್ಲಿ ದಂಪತಿಗಳ 134 ಕಳೆದರೆ ಉಳಿಯುವುದು 206. ಆರು ಕಿಲೋ ಎಚ್ಚರಿಕೆಯ ಮೀಸಲು. ಸಾಮಾನಿಗೆ 200, ಅದರ ಮೇಲೆ ಒಂದು ಗ್ರಾಮೂ ಇಲ್ಲ. ಪೆಟ್ಟಿಗೆಗಳು 45, ಹಾಸಿಗೆ 10, ನೀರು 40, ಬ್ಯಾಟರಿ 12, ಒಲೆ ಮತ್ತು ಅನಿಲದ ಚಿಕ್ಕ ಸಿಲಿಂಡರು 11, ಮಂಜುಗಡ್ಡೆ ತುಂಬಿದ ಪೆಟ್ಟಿಗೆ 25, ಗಾಳದ ಸಾಮಗ್ರಿ 8, ಸನಿಕೆ, ಹಗ್ಗ, ಗಾಳಿ ಪಂಪು, ಜ್ಯಾಕ್ ಸೇರಿ 15, ಪಾತ್ರೆ, ಅಕ್ಕಿ, ಬೇಳೆ, ಬಟ್ಟೆ 30. ಒಟ್ಟು 196. ಭಾರವಾದವೆಲ್ಲ ಕೆಳಗೆ, ಹಿಂದಿನ ಅಚ್ಚಿಗೆ ಸ್ವಲ್ಪ ಮುಂದೆ ಕೂರಬೇಕು. ಛಾವಣಿಯ ಮೇಲೆ ಹೇರಿದರೆ ಘಟ್ಟದ ತಿರುವಿನಲ್ಲಿ ಗಾಡಿ ತೂಗಾಡುತ್ತದೆ. ಗಾಳದ ಕೋಲುಗಳು ಮಾತ್ರ ಹಗುರ. ಅವನ್ನು ಒಳಛಾವಣಿಗೆ ಬಟ್ಟೆಯ ಕುಣಿಕೆಗಳಲ್ಲಿ ತೂಗುಹಾಕಲಾಯಿತು.

ಪಟ್ಟಿಯನ್ನು ಅಭಿಮಾನದಿಂದ ಓದಿ ಹೇಳಿದಾಗ ಮನೆಯಾಕೆ ಕೇಳಿದ ಪ್ರಶ್ನೆ ಒಂದೇ.

“ರೀ, ಬೆಳಗಾಗೆದ್ದು ನಾನು ಎಲ್ಲಿಗೆ ಹೋಗಬೇಕು?”

ಯಜಮಾನರು ಪುಸ್ತಕದ ಮೇಲಿನಿಂದ ಕೆಳಗಿನವರೆಗೆ ಕಣ್ಣಾಡಿಸಿದರು. ಮೂರು ಬಗೆಯ ಗಾಳ, ನಾಲ್ಕು ಬಗೆಯ ಸೀಸದ ಗುಂಡು, ಎರಡು ಬಗೆಯ ದಾರಗಳಿಗೆ ಅಲ್ಲಿ ಸ್ಥಾನವಿತ್ತು, ಇದಕ್ಕಿರಲಿಲ್ಲ. ಕಡಲ ತೀರ ಹೆಂಗಸರ ಪಾಲಿಗೆ ಎಷ್ಟು ವಿಶಾಲವೋ ಅಷ್ಟೇ ಬಯಲು. ಇಂಥ ಪ್ರವಾಸಗಳ ವರ್ಣನೆ ಬರೆಯುವ ಗಂಡಸರು ಸೂರ್ಯೋದಯಕ್ಕೆ ಅರ್ಧ ಪುಟ ಕೊಟ್ಟು ಇದಕ್ಕೆ ಒಂದು ಸಾಲನ್ನೂ ಕೊಡದಿರುವುದು ನೋಡತಕ್ಕ ಸಂಗತಿ. ಭದ್ರವಾದ ಮುಚ್ಚಳದ ಬಕೆಟ್ಟು, ಒಂದು ಚೀಲ ಮರದ ಹೊಟ್ಟು, ನಿಂತು ಬಟ್ಟೆ ಬದಲಿಸುವಷ್ಟು ಎತ್ತರದ ಮಡಿಸುವ ಗುಡಾರ ಇವು ಬಂದವು. ಅವುಗಳಿಗಾಗಿ ಎರಡನೆಯ ದೊಡ್ಡ ಕೋಲೂ, ಬೀಸುಗುಂಡಿನ ಅರ್ಧ ಡಬ್ಬಿಯೂ, ಯಜಮಾನರ ಒರಗು ಕುರ್ಚಿಯೂ ಹೊರನಡೆದವು. ಮೊತ್ತ 196ರಲ್ಲಿಯೇ ನಿಂತಿತು.

ವಿದ್ಯುತ್ತಿನ ಅಧ್ಯಾಯವನ್ನು ಅವರು ಉಳಿತಾಯ ಖಾತೆಯಂತೆ ಬರೆದರು. 12 ವೋಲ್ಟಿನ 100 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿಯಲ್ಲಿ ಜಮೆ ಇರುವುದು ಸುಮಾರು 1280 ವ್ಯಾಟ್-ಗಂಟೆ. ಅಷ್ಟೇ ಗಾತ್ರದ ಸೀಸದ ಬ್ಯಾಟರಿ ಅಗ್ಗವಾದರೂ ತೂಕ ಸುಮಾರು 30 ಕಿಲೋ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತೆಗೆದರೆ ಆಯುಸ್ಸು ಕುಂದುತ್ತದೆ, ಹಿಂದಿನ ಕಾಲದ ಜಮೀನ್ದಾರಿ ಮನೆತನದ ಆಸ್ತಿಯಂತೆ ಹೆಸರಿಗೆ ದೊಡ್ಡದು, ಕೈಗೆ ಸಿಗುವುದು ಅರ್ಧ. ಖರ್ಚಿನ ಕಡೆಗೆ 20 ವ್ಯಾಟಿನ ಚಿಕ್ಕ ಫ್ಯಾನು ರಾತ್ರಿ 10 ಗಂಟೆ ತಿರುಗಿದರೆ 200, ಎರಡು ದೀಪಗಳಿಗೆ 40, ದೂರವಾಣಿಗಳಿಗೆ 30. ದಿನಕ್ಕೆ 270ರಂತೆ ನಾಲ್ಕು ದಿನ ನಿಶ್ಚಿಂತೆ. ಗಾಡಿ ಓಡುವಾಗ ಆಲ್ಟರ್ನೇಟರಿನಿಂದ ಮರುಜಮೆ. ಬ್ಯಾಟರಿಯ ತುದಿಗೆ ತಗುಲಿದಂತೆಯೇ ಒಂದು ಫ್ಯೂಸು ಇರಲೇಬೇಕು; ತಂತಿಯೆಲ್ಲಾದರೂ ಉಜ್ಜಿ ಸವೆದರೆ ಬೆಂಕಿ ಹತ್ತುವ ಮೊದಲು ಅದು ತಾನು ಕರಗಿ ಉಳಿದವರನ್ನು ಕಾಯುತ್ತದೆ.

ಒಲೆಯ ವಿಷಯದಲ್ಲಿ ದಂಪತಿಗಳಿಗೆ ಭಿನ್ನಾಭಿಪ್ರಾಯ ಬರಲಿಲ್ಲ. ಅಡಿಗೆಯೇನಿದ್ದರೂ ಹಿಂಬಾಗಿಲನ್ನು ಎತ್ತಿ, ಅದರ ನೆರಳಿನಲ್ಲಿ, ಹೊರಗೆ. ಮುಚ್ಚಿದ ಗಾಡಿಯೊಳಗೆ ಒಲೆ ಉರಿಸುವುದಾಗಲಿ, ಸೆಕೆಯೆಂದು ಎಂಜಿನ್ನು ನಡೆಸಿಟ್ಟು ತಣ್ಣನೆಯ ಗಾಳಿ ಹಾಕಿಕೊಂಡು ನಿದ್ರಿಸುವುದಾಗಲಿ ಯಮನಿಗೆ ಚೀಟಿ ಬರೆದಂತೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವನಿಗೆ ಎಚ್ಚರವೇ ಆಗದು. ಮಲಗುವಾಗ ಎದುರುಬದುರಿನ ಎರಡು ಗಾಜುಗಳು ಇಳಿದಿರಬೇಕು. ಇಳಿದರೆ ಸೊಳ್ಳೆ ಬರುತ್ತದೆ. ಮನೆಯಾಕೆ ಹಳೆಯ ಸೊಳ್ಳೆಪರದೆಯನ್ನು ಕತ್ತರಿಸಿ, ಅಂಚಿನೊಳಗೆ ಗುಂಡಿಯಷ್ಟಗಲದ ಅಯಸ್ಕಾಂತಗಳನ್ನಿಟ್ಟು ಹೊಲಿದರು. ಬಾಗಿಲಿನ ಉಕ್ಕಿನ ಚೌಕಟ್ಟಿಗೆ ಅವು ತಾವಾಗಿಯೇ ಅಂಟಿಕೊಂಡವು. ಇಡೀ ಗಾಡಿಯಲ್ಲಿ ಬಡಗಿಯೂ ಮೆಚ್ಚಿ ತಲೆದೂಗಿದ್ದು ಇದೊಂದಕ್ಕೇ.

ನೀರಿಗೆ ಮಾತ್ರ ಚರ್ಚೆ ನಡೆಯಿತು. ಕುಡಿಯಲು, ಬೇಯಿಸಲು ಇಬ್ಬರಿಗೆ ದಿನಕ್ಕೆ 10 ಲೀಟರು. ಆದರೆ ಉಪ್ಪುನೀರಿನಲ್ಲಿ ನೆನೆದ ಗಾಳದ ರೀಲನ್ನು ಅಂದಂದೇ ಸಿಹಿನೀರಿನಲ್ಲಿ ತೊಳೆಯದಿದ್ದರೆ ಹಲ್ಲುಚಕ್ರಗಳು ಹಿಡಿದುಕೊಳ್ಳುತ್ತವೆ.

“ರೀಲಿಗೆ ದಿನಾ ಸ್ನಾನ. ನಮಗೆ?”

“ನಾಲ್ಕು ದಿನ ತಾನೆ,” ಎಂದರು ಯಜಮಾನರು. “ಯಾರ ಬಾವಿಯನ್ನೂ ಕೇಳೋದು ಬೇಡ.”

ಮನೆಯಾಕೆ ಅಲ್ಲಿಗೆ ಸುಮ್ಮನಾದರು. ಅವರಿಗೆ ವಿಷಯ ತಿಳಿದಿತ್ತು. ಹನ್ನೊಂದು ವರ್ಷದ ಹಿಂದೆ ಕಡಲ್ಕೊರೆತ ಹಳೆಯ ಮನೆಯ ಅಂಗಳದವರೆಗೆ ಬಂದು, ಅಣ್ಣ ಒಳಭಾಗದಲ್ಲಿ ಬೇರೆ ಮನೆ ಕಟ್ಟಿಕೊಂಡಾಗ, ತಂದೆಯ ದೋಣಿಯನ್ನು ತಮ್ಮನಿಗೆ ಒಂದು ಮಾತೂ ತಿಳಿಸದೆ ಕೊಟ್ಟುಬಿಟ್ಟಿದ್ದ. ತಮ್ಮ ಕಾಗದ ಬರೆದರು. ಕಾಗದದ ಕೊನೆಯಲ್ಲಿ, ‘ದೋಣಿಯ ಹಣದ ಲೆಕ್ಕ ಕಳುಹಿಸತಕ್ಕದ್ದು’ ಎಂಬ ಸಾಲಿತ್ತು. ವರ್ಷಗಟ್ಟಲೆ ಬ್ಯಾಂಕಿನ ಪತ್ರಗಳನ್ನು ಬರೆದ ಲೇಖನಿ ತಾನಾಗಿ ಬರೆದ ಸಾಲದು. ಉತ್ತರ ಬರಲಿಲ್ಲ. ಆಮೇಲೆ ಮದುವೆ ಮುಂಜಿಗಳಲ್ಲಿ ಎದುರಾದಾಗ ಊಟವಾಯಿತೇ ಎಂಬಷ್ಟೇ ಮಾತು. ಊರಿಗೆ ಹೋದರೂ ಯಜಮಾನರು ಉಳಿದುಕೊಳ್ಳುತ್ತಿದ್ದುದು ಕುಂದಾಪುರದ ವಸತಿಗೃಹದಲ್ಲಿ. ಹೀಗೆ ನೋಡಿದರೆ, ಆ ಪೆಟ್ಟಿಗೆ, ಬ್ಯಾಟರಿ, ಕ್ಯಾನುಗಳಿಂದ ಸಜ್ಜಾಗುತ್ತಿದ್ದ ಗಾಡಿಯ ಮೊದಲ ಉದ್ದೇಶ ಮೀನಾಗಿರಲಿಲ್ಲ.

ಹೊರಡುವ ಹಿಂದಿನ ರಾತ್ರಿ ಮನೆಯಾಕೆ ಬಟ್ಟೆಯ ಗಂಟೊಂದನ್ನು ತಂದು ತಕ್ಕಡಿಯ ಮೇಲಿಟ್ಟರು. ಸರಿಯಾಗಿ 4 ಕಿಲೋ. ಕಾಫಿಪುಡಿಯ ಪರಿಮಳ ಬರುತ್ತಿತ್ತು. ಒಂದು ಸೀರೆಯ ಅಂಚೂ ಕಾಣುತ್ತಿತ್ತು. ಯಜಮಾನರು ಏನನ್ನೂ ಕೇಳದೆ ಪುಸ್ತಕದಲ್ಲಿ ‘ಇತರೆ: 4’ ಎಂದು ಬರೆದು, ಮೊತ್ತವನ್ನು 200ಕ್ಕೆ ಮುಗಿಸಿ, ಅಡಿಗೆರೆ ಎಳೆದರು.

ಕಾಲ ಡಿಸೆಂಬರಿನ ಕೊನೆ. ಮಳೆಗಾಲದ ಕಡಲು ಬಿಡಾರದವರಿಗಲ್ಲ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷಿದ್ಧ. ನಾಲ್ಕುನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಶಿವಮೊಗ್ಗ, ತೀರ್ಥಹಳ್ಳಿಗಳನ್ನು ಹಾದು ಆಗುಂಬೆಯಲ್ಲಿ ಇಳಿಯಬೇಕು. ಆ ಘಟ್ಟದ 14 ಹೇರ್‌ಪಿನ್ ತಿರುವುಗಳು ಬಡಗಿಯ ಕೆಲಸಕ್ಕೆ ಪರೀಕ್ಷೆಯಾದವು. ಪೆಟ್ಟಿಗೆಗಳು ಅಲುಗಲಿಲ್ಲ. ಕುಕ್ಕರಿನ ಮುಚ್ಚಳ ಮಾತ್ರ ಐದನೆಯ ತಿರುವಿನಲ್ಲಿ ಹೊರಬಿದ್ದು, ಕೆಳಗಿನ ಸೋಮೇಶ್ವರ ಬರುವವರೆಗೆ ಗಾಡಿಯೊಳಗೆ ತಾಳ ಹಾಕುತ್ತ ಬಂದಿತು.

ಅಳಿವೆಯ ಬಳಿ ತಲುಪುವಾಗ ಹೊತ್ತು ಮುಳುಗಿತ್ತು. ಸೌಪರ್ಣಿಕಾ, ವಾರಾಹಿ ಮೊದಲಾದ ಐದು ನದಿಗಳು ಕೂಡಿ ಕಡಲಿಗೆ ಬೀಳುವ ತಾಣವದು. ಉಬ್ಬರ ಇಳಿತಗಳು ಮಗುಚುವ ಹೊತ್ತಿನಲ್ಲಿ ಮೀನು ಬಾಯಿಗೆ ಬರುವ ಜಾಗ. ಯಜಮಾನರು ಗಾಡಿಯನ್ನು ಹೊಯಿಗೆಗೆ ಇಳಿಸದೆ ಗಾಳಿಮರಗಳ ಅಂಚಿನ ಗಟ್ಟಿ ನೆಲದಲ್ಲಿಯೇ ನಿಲ್ಲಿಸಿದರು. ಸನಿಕೆ, ಪಂಪುಗಳಿದ್ದರೂ ಅವನ್ನು ಬಳಸುವ ಪ್ರಸಂಗ ತಂದುಕೊಳ್ಳದಿರುವುದೇ ಜಾಣತನ. ಹಿಂಬಾಗಿಲು ಎತ್ತಿ, ದೀಪ ಹಚ್ಚಿ, ಅನ್ನಕ್ಕಿಟ್ಟರು. ಎಲ್ಲವೂ ಪುಸ್ತಕದಲ್ಲಿದ್ದಂತೆಯೇ ನಡೆಯಿತು. ಒಂಬತ್ತರ ಸುಮಾರಿಗೆ ಮೂವರು ಯುವಕರು ಬಂದರು.

“ಇಲ್ಲಿ ರಾತ್ರಿ ನಿಲ್ಲೂಕಾಗ ಸಾರ್. ಕಡಲಾಮೆ ಮೊಟ್ಟೆ ಇಡೂ ಜಾಗ. ಬೆಳಕಿಗೆ ಅದು ಮೇಲೆ ಬರೂದಿಲ್ಲ.”

ಮಾತು ನ್ಯಾಯವಾದದ್ದು. ಆಲಿವ್ ರಿಡ್ಲೆ ಆಮೆಗಳು ಈ ತೀರದಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಮರಳು ತೋಡಿ ಮೊಟ್ಟೆಯಿಡುತ್ತವೆ. ದಂಡೆಯ ದೀಪ ತಾಯಿಯನ್ನು ಹಿಂದಕ್ಕಟ್ಟುತ್ತದೆ, ಒಂದೂವರೆ ಎರಡು ತಿಂಗಳ ಮೇಲೆ ಹೊರಬರುವ ಮರಿಗಳಿಗೂ ದಾರಿ ತಪ್ಪಿಸುತ್ತದೆ. ಯಜಮಾನರು ಒಡನೆಯೇ ದೀಪ ಆರಿಸಿದರು. ಕತ್ತಲೆಯಲ್ಲಿ ಅವರಲ್ಲೊಬ್ಬ ಊರಿನ ರೂಢಿಯಂತೆ ಕೇಳಿದ:

“ಯಾರ ಮನೆಗೆ ಬಂದದ್ದು?”

ಈ ಪ್ರಶ್ನೆಗೆ 200 ಕಿಲೋ ಸಾಮಾನಿನಲ್ಲಿ ಉತ್ತರವಿರಲಿಲ್ಲ. ಯಜಮಾನರು ಸುಮ್ಮನೆ ನಿಂತರು. ಮನೆಯಾಕೆ ಗಾಡಿಯೊಳಗಿಂದಲೇ ಭಾವನವರ ಹೆಸರು ಹೇಳಿದರು.

“ಹೋ, ಅವರ ತಮ್ಮನಾ? ಹಾಗಾದ್ರೆ ಇಲ್ಲೆಂಥಕ್ಕೆ ನಿಂತದ್ದು?” ಎಂದು ಯುವಕನು ಬೈಕಿನಲ್ಲಿ ಮುಂದೆ ಹೊರಟೇಬಿಟ್ಟ. ಹಿಂದೆ ಹೋಗದೆ ಬೇರೆ ದಾರಿಯಿರಲಿಲ್ಲ.

ಅಣ್ಣ ಟಾರ್ಚು ಹಿಡಿದು ಅಂಗಳಕ್ಕೆ ಬಂದರು. ತಮ್ಮನ ಮುಖ ನೋಡುವ ಮೊದಲು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

“ಇದಕ್ಕೆ ಬಾಗಿಲು ಎಲ್ಲುಂಟು ಮಾರಾಯ?”

ಜಾರುಬಾಗಿಲನ್ನು ತಮ್ಮ ಸರಿಸಿ ತೋರಿಸಿದರು. ಅಣ್ಣ ಒಳಗೆ ಟಾರ್ಚು ಬಿಟ್ಟು ಹಾಸಿಗೆ, ಪೆಟ್ಟಿಗೆ, ಅಯಸ್ಕಾಂತದ ಪರದೆ, ಮೇಲೆ ತೂಗುವ ಕೋಲು ಎಲ್ಲವನ್ನೂ ನಿಧಾನವಾಗಿ ನೋಡಿದರು. “ಗಾಡಿ ಬಾವಿ ಬದಿಗೆ ನಿಲ್ಲಿಸು. ತೆಂಗಿನಡಿ ಬೇಡ, ಕಾಯಿ ಬೀಳ್ತದೆ,” ಎಂದು ಒಳಗೆ ಹೋದರು. ಅಷ್ಟರಲ್ಲಿ ‘ಇತರೆ’ ಗಂಟು ಅಡಿಗೆಯ ಮನೆ ಸೇರಿಯಾಗಿತ್ತು.

ಬೆಳಗಿನ ಜಾವ ಇಬ್ಬರೂ ದಂಡೆಗೆ ಹೋದರು. ತಮ್ಮ ಹತ್ತಡಿಯ ಕೋಲನ್ನು ಬೀಸಿ, ಸಿಗಡಿ ಸಿಕ್ಕಿಸಿದ ಗಾಳವನ್ನು ಅಲೆಗಳಾಚೆಗೆ ಎಸೆದರು. ಎಸೆತ ನೋಡಲು ಚೆನ್ನಾಗಿತ್ತು. ಒಂದು ಗಂಟೆಯಾದರೂ ದಾರ ಅಲುಗಲಿಲ್ಲ. “ಕಾಣೆ ಅಷ್ಟು ದೂರ ಎಂಥಕ್ಕೆ ಇರ್ತದೆ? ಕಾಲಡಿ ನೋಡು,” ಎಂದರು ಅಣ್ಣ. ಕಾಣೆ ಮೀನು ಮರಳಿನ ತೆಳುನೀರಿನಲ್ಲಿ, ಅಲೆ ಹಿಂದೆಗೆಯುವ ಕಡೆ ಮೇಯುವಂಥದು. ಅಪಾಯ ಕಂಡರೆ ಮರಳೊಳಗೇ ಹುದುಗುತ್ತದೆ. ಅಷ್ಟು ಬೆಲೆಯ ಕೋಲು ದಿನವೂ ಅದರ ತಲೆಯ ಮೇಲಿಂದ ಹಾರಿಹೋಗುತ್ತಿದ್ದಿರಬೇಕು. ಅಣ್ಣ ಸೀಸದ ಗುಂಡನ್ನು ಬಿಚ್ಚಿ, ಅರ್ಧದಷ್ಟು ಸಣ್ಣದು ಕಟ್ಟಿ, ಗಂಟನ್ನು ಹಲ್ಲಿನಿಂದ ಬಿಗಿದು ಕೊಟ್ಟರು. ಬಿಸಿಲೇರುವುದರೊಳಗೆ ಐದು ಕಾಣೆ ಸಿಕ್ಕಿದವು. ದೋಣಿಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಆ ದಿನ ರೀಲಿಗೂ, ಯಜಮಾನರಿಗೂ ಬಾವಿಯ ನೀರಿನಲ್ಲಿ ಧಾರಾಳವಾಗಿ ಸ್ನಾನವಾಯಿತು. ಸಂಜೆಯ ಹೊತ್ತಿಗೆ ಅಣ್ಣನ ಟಾರ್ಚು ಗಾಡಿಯ ಬ್ಯಾಟರಿಗೆ ತಗುಲಿಕೊಂಡಿತ್ತು. ರಾತ್ರಿ ಊಟವಾದ ಮೇಲೆ ಅತ್ತಿಗೆಯವರು, “ಇದರೊಳಗೆ ನಿದ್ದೆ ಹೇಗೆ ಬರ್ತದೆ ನೋಡ್ಬೇಕಲ್ಲ,” ಎಂದರು. ಓರಗಿತ್ತಿಯರಿಬ್ಬರೂ ಗಾಡಿ ಹತ್ತಿ, ಪರದೆ ಅಂಟಿಸಿಕೊಂಡು, ದೀಪ ಆರಿಸಿ ಬಹಳ ಹೊತ್ತು ಪಿಸುಮಾತಾಡಿದರು, ಇಳಿಯಲಿಲ್ಲ. ಅಣ್ಣತಮ್ಮಂದಿರು ಜಗಲಿಯ ಮೇಲೆ ಚಾಪೆ ಹಾಸಿದರು. ಸೊಳ್ಳೆ ಬಹಳವಿತ್ತು.

ನಡುರಾತ್ರಿಯ ಸುಮಾರಿಗೆ ಅಣ್ಣ ಮಗ್ಗುಲಾದರು.

“ಆ ಫ್ಯಾನು ರಾತ್ರಿಯಿಡೀ ತಿರುಗ್ತದಾ?”

“ಹತ್ತು ಗಂಟೆ ತಿರುಗಿದರೆ 200 ವ್ಯಾಟ್-ಗಂಟೆ,” ಎಂದರು ತಮ್ಮ. “ಇನ್ನೂ ಮೂರು ದಿನಕ್ಕಾಗುವಷ್ಟು ಇದೆ.”

“ಮೂರೇ ದಿನವಾ?” ಎಂದು ಅಣ್ಣ ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಂಡರು.